ಹಾಸನದಿಂದ ಮಂಗಳೂರಿಗೆ ಒಂದು ದಿನದ ವ್ಯಾನ್ ಪ್ರವಾಸ

ಹಾಸನದ ಟ್ರಾವೆಲ್ಸ್ ಒಂದು ನಡೆಸುವ ಮಂಗಳೂರಿನ ಒಂದು ದಿನದ ಪ್ರವಾಸಕ್ಕೆ ಕಳೆದ ಜನವರಿಯಲ್ಲಿ ನಾವು ಮನೆಮಂದಿಯೆಲ್ಲ ಹೋಗಿ ಬಂದೆವು. ಬೆಳಗಿನ ಜಾವ ನಾಲ್ಕಕ್ಕೆ ಹೊರಟ ವ್ಯಾನು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಇನ್ನೂ ಕತ್ತಲಿತ್ತು. ತಿರುವುಗಳಲ್ಲಿ ಚಾಲಕರು ತೋರಿದ ತಾಳ್ಮೆ ನಿಜಕ್ಕೂ ಮೆಚ್ಚುವಂಥದ್ದು.

ಮೊದಲ ನಿಲುಗಡೆ ಕದ್ರಿ. ಅಲ್ಲಿನ ಮಂಜುನಾಥ ದೇವಸ್ಥಾನದಲ್ಲಿರುವ, ಪೀಠದ ಮೇಲೆ ಆಳುಪರ ಕಾಲದ ಕ್ರಿ.ಶ. 968ರ ಶಾಸನವನ್ನು ಹೊತ್ತ, ಮೂರು ಮುಖ ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ಬೇಲೂರು, ಹಳೇಬೀಡುಗಳ ಕಲ್ಲನ್ನೇ ನೋಡಿ ಬೆಳೆದ ನಮ್ಮಂಥವರು ತಪ್ಪದೆ ನೋಡಬೇಕು. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಗೋಡೆ, ಛಾವಣಿಗಳ ತುಂಬ ಬಿಡಿಸಿದ ಚಿತ್ರಗಳಿಗೆ ಒಂದು ಗಂಟೆ ಕೊಟ್ಟದ್ದು ಸರಿಯಾಗಿತ್ತು. ಮಧ್ಯಾಹ್ನದ ಊಟ ನಮ್ಮದೇ ಖರ್ಚು. ಕೋರಿ ರೊಟ್ಟಿ ಆ ಕೊರಗನ್ನು ಮರೆಸಿತು.

ವೇಳಾಪಟ್ಟಿಯೇ ಈ ಪ್ರವಾಸದ ದೊಡ್ಡ ದೋಷ. ಪಣಂಬೂರು ಕಡಲತೀರಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಕರೆದೊಯ್ದರೆ ಮಕ್ಕಳು ಸುಡುವ ಮರಳಿನ ಮೇಲೆ ಕುಣಿಯುವುದನ್ನು ಬಿಟ್ಟು ಬೇರೇನು ಮಾಡಿಯಾರು? ಅದಕ್ಕಿಂತ ಬೇಸರ ತಂದದ್ದು, 1430ರಲ್ಲಿ ಕಟ್ಟಿದ, ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೆಸರಾದ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಬರೀ ಇಪ್ಪತ್ತು ನಿಮಿಷ ಕೊಟ್ಟದ್ದು. ಶ್ರವಣಬೆಳಗೊಳದ ಜಿಲ್ಲೆಯವರನ್ನು ಬಸದಿಯಿಂದ ಹೀಗೆ ಅವಸರಪಡಿಸಬಾರದು!

ಚಾರ್ಮಾಡಿ, ಮೂಡಿಗೆರೆ ಹಾದಿಯಾಗಿ ಹಾಸನ ತಲುಪಿದಾಗ ರಾತ್ರಿ ಹನ್ನೊಂದು ದಾಟಿತ್ತು. ಹಿರಿಯರು ಜೊತೆಗಿದ್ದರೆ ಮಂಗಳೂರಿನಲ್ಲಿ ಒಂದು ರಾತ್ರಿ ತಂಗಿ, ಪಣಂಬೂರನ್ನು ಸಂಜೆಗೆ ಇಟ್ಟುಕೊಳ್ಳುವುದು ಲೇಸು.