ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ? ಡಿಫೆಂಡರ್ ಮತ್ತು ಉಳಿದವುಗಳ ವಿಮರ್ಶೆ

ವಿಂಡೋಸ್ 11 ಇರುವ ಮನೆಯ ಕಂಪ್ಯೂಟರಿಗೆ ಅದರ ಜತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಹೊಸ ಲ್ಯಾಪ್‌ಟಾಪ್ ಬಿಲ್ ಮಾಡುವಾಗ ಅಂಗಡಿಯವರು 'ಆಂಟಿವೈರಸ್ ಸೇರಿಸ್ಲಾ ಸರ್?' ಎಂದರೆ ಬೇಡ ಎನ್ನಲು ಅಳುಕಬೇಕಿಲ್ಲ. ಡಿಫೆಂಡರ್ ಕೈಲಾಗದ್ದು ಎಂಬ ಮಾತು ವಿಂಡೋಸ್ 7ರ ಕಾಲದ್ದು. ಆಗ ಅದು ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಮ್) ಮಾತ್ರ ಹಿಡಿಯುತ್ತಿತ್ತು. 2012ರ ವಿಂಡೋಸ್ 8ರಿಂದ ಅದು ಪೂರ್ತಿ ಆಂಟಿವೈರಸ್. ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಅನುಕೂಲಕ್ಕೆ ತಲಾ 6ರಂತೆ 18 ಅಂಕ ಕೊಡುತ್ತದೆ. ಡಿಫೆಂಡರ್ ಈಚಿನ ವರ್ಷಗಳಲ್ಲಿ ಪೂರ್ಣ ಅಂಕದ ಆಸುಪಾಸಿನಲ್ಲೇ ಇದೆ.

ಒಂದು ಕೊರತೆ ನಿಜ. ಡಿಫೆಂಡರ್ ಕ್ಲೌಡ್ ಅನ್ನು, ಅಂದರೆ ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟ್ ಸರ್ವರುಗಳನ್ನು, ಬಹಳ ನೆಚ್ಚಿಕೊಂಡಿದೆ. ಇಂಟರ್ನೆಟ್ ಇಲ್ಲದಿರುವಾಗ ಅದರ ಪತ್ತೆಯ ಸಾಮರ್ಥ್ಯ ಇಳಿಯುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಪರೀಕ್ಷೆಗಳಲ್ಲಿ ಇದು ಎದ್ದು ಕಾಣುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಚುಚ್ಚುವ ಮೊದಲು ನೆಟ್ ಹಾಕಿ, ಅಪ್‌ಡೇಟ್ ಮುಗಿಸಿಕೊಳ್ಳಿ. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಅವನ್ನು ಒತ್ತಲೇಬೇಡಿ, ಒತ್ತಿದಾಗಲೇ ವೈರಸ್ ಓಡುವುದು. ನಿಮ್ಮ ಫೈಲುಗಳು ಅಲ್ಲೇ ಅಡಗಿರುತ್ತವೆ. ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸುವಂತೆ ಮಾಡಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎದುರಿನ ಟಿಕ್ ತೆಗೆದರೆ ಕಾಣುತ್ತವೆ. ನಕಲು ಮಾಡಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಆ ಟಿಕ್ ಮತ್ತೆ ಹಾಕಿಬಿಡಿ.

ಇನ್ನು ಸೆಟ್ಟಿಂಗ್ಸ್. ಡಿಫೆಂಡರಿನ ಅತ್ಯಂತ ಉಪಯುಕ್ತ ಸೌಲಭ್ಯ ಆಫ್ ಆಗಿಯೇ ಬರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಕೆಳಗಿರುವ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒತ್ತಿ, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ. ಇದಾದ ಮೇಲೆ ಅಪರಿಚಿತ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಏನನ್ನೂ ಬದಲಿಸಲಾರದು, ರ‍್ಯಾನ್ಸಮ್‌ವೇರ್‌ನಂತೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಲಾರದು. ನಮ್ಮಲ್ಲಿ ಮದುವೆ ಫೋಟೊದಿಂದ ಹಿಡಿದು ಪಹಣಿ ಸ್ಕ್ಯಾನ್‌ವರೆಗೆ ಎಲ್ಲವನ್ನೂ ಡಿ ಡ್ರೈವಿಗೆ ತುಂಬುವ ರೂಢಿ, ಡಿಫೆಂಡರ್ ತಾನಾಗಿ ಕಾಯುವುದು ಸಿ ಡ್ರೈವಿನ ನಾಲ್ಕಾರು ಫೋಲ್ಡರುಗಳನ್ನು ಮಾತ್ರ. ಹಾಗಾಗಿ ಪ್ರೊಟೆಕ್ಟೆಡ್ ಫೋಲ್ಡರ್ಸ್ ಒತ್ತಿ ಡಿ ಡ್ರೈವಿನ ಫೋಲ್ಡರುಗಳನ್ನು ನೀವೇ ಸೇರಿಸಬೇಕು. ತೊಂದರೆಯೂ ಉಂಟು. ಕೆಲವು ಆಟಗಳು, ಹಳೆಯ ಫೋಟೊ ಎಡಿಟರುಗಳು ಫೈಲ್ ಸೇವ್ ಆಗುತ್ತಿಲ್ಲ ಎನ್ನುತ್ತವೆ, ಕಾರಣ ಹೇಳುವುದಿಲ್ಲ. ಅದೇ ಪುಟದ 'ಅಲೋ ಆನ್ ಆ್ಯಪ್' ಕೊಂಡಿಯಲ್ಲಿ ಈಚೆಗೆ ತಡೆದವುಗಳ ಪಟ್ಟಿ ಸಿಗುತ್ತದೆ. ನಂಬಿಕೆಯ ಪ್ರೋಗ್ರಾಮಿಗೆ ಅಲ್ಲಿಂದ ಅನುಮತಿ ಕೊಡಿ.

ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್‌ನ ರೆಪ್ಯುಟೇಶನ್ ವಿಭಾಗದಲ್ಲಿ 'ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್' ಆನ್ ಇರಲಿ. ಉಚಿತ ಪಿಡಿಎಫ್ ಕನ್ವರ್ಟರಿನ ಬೆನ್ನಿಗೆ ಬರುವ ಕಸವನ್ನು ಹಿಡಿಯುವುದು ಇದೇ. ಇದರ ಡೌನ್‌ಲೋಡ್ ತಡೆ ಎಡ್ಜ್ ಬ್ರೌಸರಿನಲ್ಲಷ್ಟೇ ಕೆಲಸ ಮಾಡುತ್ತದೆ. ಕ್ರೋಮ್ ಬಳಸುವವರು ಅದರ ಸೇಫ್ ಬ್ರೌಸಿಂಗ್ ಆಫ್ ಮಾಡದಿದ್ದರೆ ಸಾಕು.

ಹಾಗಾದರೆ ದುಡ್ಡು ಕೊಡುವುದು ಯಾವಾಗ? ಮಕ್ಕಳ ಬಳಕೆಗೆ ಕಡಿವಾಣ, ಮೂರು ನಾಲ್ಕು ಕಂಪ್ಯೂಟರಿಗೆ ಒಂದೇ ಲೈಸೆನ್ಸ್, ಚುಚ್ಚಿದ ಕೂಡಲೇ ಪೆನ್‌ಡ್ರೈವ್ ಸ್ಕ್ಯಾನ್ ಬೇಕೆಂದರೆ ಪುಣೆಯ ಕ್ವಿಕ್ ಹೀಲ್ ಟೋಟಲ್ ಸೆಕ್ಯುರಿಟಿ ಅಥವಾ ಚೆನ್ನೈನ ಕೆ7 ಟೋಟಲ್ ಸೆಕ್ಯುರಿಟಿ ನೋಡಬಹುದು. ನೆಟ್ ಆಗಾಗ ಕೈಕೊಡುವ ಊರುಗಳಲ್ಲಿ ರೊಮೇನಿಯಾದ ಬಿಟ್‌ಡಿಫೆಂಡರ್ ಮೇಲು, ಆಫ್‌ಲೈನ್ ಪತ್ತೆಯಲ್ಲಿ ಅದು ಗಟ್ಟಿ. ಉಚಿತ ಆವೃತ್ತಿಯೂ ಇದೆ. ಉಚಿತ ಅವಾಸ್ಟ್ ಬಗ್ಗೆ ಮಾತ್ರ ಒಂದು ಮಾತು: ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಅದರ ಮೇಲೆ 1.65 ಕೋಟಿ ಡಾಲರ್ ಹೊರಿಸಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು, ಕಂಪನಿಯೂ ಈಗ ನಾರ್ಟನ್ ಜತೆ ಸೇರಿ ಜೆನ್ ಡಿಜಿಟಲ್ ಆಗಿದೆ. ಆದರೂ ಪುಕ್ಕಟೆ ಸಿಗುವ ಡಿಫೆಂಡರ್ ಬಿಟ್ಟು ಇದಕ್ಕೆ ಹೋಗಲು ಕಾರಣ ಕಾಣುವುದಿಲ್ಲ. ಯಾವುದನ್ನೇ ಆನ್‌ಲೈನ್‌ನಲ್ಲಿ ಕೊಂಡರೂ ಆಟೊ ರಿನ್ಯೂವಲ್ ಅವತ್ತೇ ತೆಗೆಯಿರಿ. ಮೊದಲ ವರ್ಷದ ರಿಯಾಯಿತಿ ಬೆಲೆ ಎರಡನೆಯ ವರ್ಷಕ್ಕೆ ಇರುವುದಿಲ್ಲ.

ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಪ್ರತಿ ಫೈಲ್ ತೆರೆಯುವಾಗಲೂ ಎರಡೂ ತಡೆದು ನೋಡುತ್ತವೆ. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರ ಅಲ್ಲೇ ಕೂತುಬಿಡುತ್ತದೆ. ಲ್ಯಾಪ್‌ಟಾಪಿನ ಜತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದ ಮೇಲೆ ಹೊಸ ವೈರಸ್‌ಗಳ ಪಟ್ಟಿ ಪಡೆಯುವುದಿಲ್ಲ, ಕಿರಿಕಿರಿ ಮಾತ್ರ ಬಿಡುವುದಿಲ್ಲ. ಅದನ್ನು ತೆಗೆದ ಮೇಲೂ ಡಿಫೆಂಡರ್ ಆನ್ ಆಗದಿದ್ದರೆ, ನೆಟ್ ನಿಂತುಹೋದರೆ, ಅದರ ಫೈರ್‌ವಾಲ್ (ನೆಟ್‌ನಲ್ಲಿ ಬಂದು ಹೋಗುವುದನ್ನು ಸೋಸುವ ಭಾಗ) ಡ್ರೈವರಿನ ತುಣುಕು ಉಳಿದಿದೆ ಎಂದು ತಿಳಿಯಿರಿ. ಆಯಾ ಕಂಪನಿಯ ಸೈಟಿನಲ್ಲೇ ಸಿಗುವ ರಿಮೂವಲ್ ಟೂಲ್ ಓಡಿಸಿ, ರೀಸ್ಟಾರ್ಟ್ ಮಾಡಿ.

ಫೈರ್‌ವಾಲ್‌ಗೆ ಬೇರೆ ದುಡ್ಡು ದಂಡ. ವಿಂಡೋಸ್‌ನದು ಹೊರಗಿನಿಂದ ಬರುವ ಕರೆಗಳನ್ನು ತಾನಾಗಿ ತಡೆಯುತ್ತದೆ, ಒಳಗಿನಿಂದ ಹೋಗುವುದನ್ನು ಬಿಡುತ್ತದೆ. ಮುಖ್ಯ ಆಯ್ಕೆ ಒಂದೇ: ವೈಫೈ ಪ್ರಾಪರ್ಟೀಸ್‌ನಲ್ಲಿ ಪಬ್ಲಿಕ್ ಅಥವಾ ಪ್ರೈವೇಟ್. ಪಿಜಿ, ಹಾಸ್ಟೆಲ್, ಹೋಟೆಲ್‌ಗಳಲ್ಲಿ ಪಬ್ಲಿಕ್ ಇರಲಿ. ಮನೆಯಲ್ಲೂ ಪ್ರಿಂಟರ್ ಅಥವಾ ಫೈಲ್ ಹಂಚಿಕೊಳ್ಳದಿದ್ದರೆ ಪಬ್ಲಿಕ್ ಆಗಬಹುದು. 'ಫೈರ್‌ವಾಲ್ ಈ ಆ್ಯಪಿನ ಕೆಲವು ಸೌಲಭ್ಯ ತಡೆದಿದೆ' ಎಂಬ ಕಿಟಕಿ ಬಂದರೆ ಸಾಮಾನ್ಯವಾಗಿ ಕ್ಯಾನ್ಸಲ್ ಒತ್ತಿ. ತಡೆ ಹೊರಗಿನಿಂದ ಬರುವುದಕ್ಕಷ್ಟೇ, ಆ್ಯಪ್ ಎಂದಿನಂತೆ ನೆಟ್ ಬಳಸುತ್ತದೆ. ಹೊರಹೋಗುವುದರ ಮೇಲೂ ಹಿಡಿತ ಬೇಕೆನ್ನುವವರಿಗೆ ಉಚಿತ ಟೈನಿವಾಲ್ ಚೆನ್ನಾಗಿದೆ. ಅದು ವಿಂಡೋಸ್‌ನ ಫಿಲ್ಟರಿಂಗ್ ವ್ಯವಸ್ಥೆಯನ್ನೇ ಬಳಸುತ್ತದೆ, ಪದೇ ಪದೇ ಕೇಳಿ ಕಾಡುವುದಿಲ್ಲ. ಅನುಮತಿ ಪಟ್ಟಿಯಲ್ಲಿಲ್ಲದ್ದನ್ನೆಲ್ಲ ಸದ್ದಿಲ್ಲದೆ ತಡೆಯುವುದರಿಂದ ಹಾಕಿದ ಮೊದಲ ದಿನ ಅರ್ಧ ಆ್ಯಪ್‌ಗಳಿಗೆ ನೆಟ್ ಇರುವುದಿಲ್ಲ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರುವ ಸೌಲಭ್ಯ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರಿನ ಸೆಟ್ಟಿಂಗ್ಸ್ ಬದಲಿಸುವ ಸೌಲಭ್ಯ) ಆಫ್ ಮಾಡಿ.

ಇಷ್ಟೆಲ್ಲ ಮಾಡಿದರೂ ಕಳ್ಳನಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಕ್ರ್ಯಾಕ್ ಮಾಡಿದ ವಿಂಡೋಸ್ ಮತ್ತು ಆಫೀಸ್. 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದು ಕೇಳುವ ಆ್ಯಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ಅವನ್ನು ಓಡಿಸುವ ಪ್ರೋಗ್ರಾಮ್) ಏನು ಮಾಡುತ್ತದೆಂದು ಯಾವ ಆಂಟಿವೈರಸೂ ನೋಡಲಾಗದು. ಅಸೆಂಬಲ್ ಮಾಡಿಸಿದ ಯಂತ್ರ ಬಂದ ದಿನ ಡಿಫೆಂಡರಿನ ಎಕ್ಸ್‌ಕ್ಲೂಶನ್ಸ್ (ಸ್ಕ್ಯಾನ್ ಮಾಡದೆ ಬಿಡುವವುಗಳ) ಪಟ್ಟಿ ತೆರೆದು ನೋಡಿ, ಇಡೀ ಸಿ ಡ್ರೈವ್ ಅಲ್ಲಿದ್ದರೆ ಕೂಡಲೇ ತೆಗೆಯಿರಿ. ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಪ್ರತಿ ಕೀಲಿಯನ್ನೂ ಗಮನಿಸುವುದರಿಂದ ಕೀಲಾಗರ್ (ಟೈಪ್ ಮಾಡಿದ್ದನ್ನು ಕದಿಯುವ ಪ್ರೋಗ್ರಾಮ್) ಎಂಬ ಎಚ್ಚರಿಕೆ ಬರಬಹುದು. ಅಧಿಕೃತ ತಾಣದಿಂದ ಇಳಿಸಿಕೊಂಡದ್ದಾದರೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡಿ.

ಅಪ್‌ಡೇಟ್ ನಿಂತ ವಿಂಡೋಸ್‌ಗೆ ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ತೂತು ಮುಚ್ಚುವುದಿಲ್ಲ. 2017ರ ಮೇನಲ್ಲಿ ಹರಡಿದ ವಾನಾಕ್ರೈ ರ‍್ಯಾನ್ಸಮ್‌ವೇರ್‌ಗೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುವವರು ಆಂಟಿವೈರಸ್‌ಗೆ ಎತ್ತಿಟ್ಟ ದುಡ್ಡನ್ನು ವಿಂಡೋಸ್ 11 ಓಡಬಲ್ಲ ಯಂತ್ರದ ಕಡೆ ತಿರುಗಿಸಲಿ.