ಜಿಯಾರ್ಡಿಯಾ ಟೆಸ್ಟ್ ಮಾಡುವ ಲ್ಯಾಬ್: ಕೆಲಸಕ್ಕೆ ಫುಲ್ ಮಾರ್ಕ್ಸ್, ರಿಪೋರ್ಟಿಗೆ ಇಲ್ಲ

ಕುವೆಂಪುನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಪದೇ ಪದೇ ಭೇದಿ ಆಗುತ್ತಿತ್ತು. ಒಂದು ಮಗುವಿನ ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ (ಕರುಳಿನಲ್ಲಿ ಸೇರಿಕೊಳ್ಳುವ ಒಂದು ಏಕಕೋಶ ಪರಾವಲಂಬಿ) ಅಂತ ಬಂತು. ಆದರೆ ಸಂಪಿನ ನೀರಿನ ರಿಪೋರ್ಟಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಲ್ಲ, ಕುಡಿಯಲು ಯೋಗ್ಯ ಅಂತ ಸೀಲು ಬಿದ್ದಿತ್ತು. ಅದು ಸುಳ್ಳೇನಲ್ಲ, ಆ ಟೆಸ್ಟ್ ಇರುವುದೇ ಬ್ಯಾಕ್ಟೀರಿಯಾಗೆ. ಕ್ಲೋರಿನ್ ಹಾಕಿದರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ಜಿಯಾರ್ಡಿಯಾ ಸಿಸ್ಟ್ (ಗಟ್ಟಿ ಕವಚದೊಳಗಿರುವ ಅದರ ರೂಪ) ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಅದೇ ಥರದ ಇನ್ನೊಂದು ಪರಾವಲಂಬಿ ಕ್ರಿಪ್ಟೋಸ್ಪೊರಿಡಿಯಂ ಅಂತೂ ಕ್ಲೋರಿನ್‌ಗೆ ಕ್ಯಾರೇ ಅನ್ನುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀಯಲ್ಲಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದದ್ದು ಇದೇ ಕ್ರಿಪ್ಟೋದಿಂದ, ಅದೂ ಶುದ್ಧೀಕರಿಸಿ ಬಿಟ್ಟ ನಲ್ಲಿ ನೀರು ಕುಡಿದು.

ಮೈಸೂರಲ್ಲಿ ವಿಚಾರಿಸಿದ ಕಡೆಯೆಲ್ಲ ಪಿಎಚ್, ಟಿಡಿಎಸ್, ಗಡಸುತನ, ಅಷ್ಟೇ. ಕೊನೆಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆಯ ಒಂದು ಖಾಸಗಿ ಲ್ಯಾಬ್ ಒಪ್ಪಿತು. ಹೆಸರು ಹಾಕುತ್ತಿಲ್ಲ, ಮುಂದೆ ಸ್ವಲ್ಪ ಬೈದಿದ್ದೇನೆ.

ಮೊದಲು ಒಳ್ಳೆಯದು. ಬಾಟಲಿಯಲ್ಲಿ ತಂದರೆ ಸಾಲಲ್ಲ, 10 ಲೀಟರ್ ಬೇಕು ಅಂದರು, ಅವರೇ ಬಂದು ಕ್ಯಾನ್ ತುಂಬಿಸಿ ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಬ್ಯಾಕ್ಟೀರಿಯಾದ ಹಾಗೆ ಇವನ್ನು ತಟ್ಟೆಯಲ್ಲಿ ಬೆಳೆಸಿ ಎಣಿಸೋಕಾಗಲ್ಲ, ನೀರಲ್ಲಿ ಇರುವ ನಾಲ್ಕೈದನ್ನೇ ಹಿಡಿಯಬೇಕು. ಅದಕ್ಕೆ ಅಷ್ಟೂ ನೀರನ್ನು ಫಿಲ್ಟರಿನಲ್ಲಿ ಸೋಸಿ, ಅಂಟಿಕೊಂಡದ್ದನ್ನು ತೊಳೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಆಮೇಲೆ ಈ ಪರಾವಲಂಬಿಗಳನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಮೆತ್ತಿದ ಪುಟ್ಟ ಮಣಿಗಳನ್ನು ಹಾಕಿ ಅಯಸ್ಕಾಂತದಿಂದ ಎಳೆದುಕೊಳ್ಳುತ್ತಾರೆ. ಟೆಕ್ನಿಷಿಯನ್ ನನಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಬಣ್ಣ ಹಾಕಿದ ಸಿಸ್ಟ್ ಅಂದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ಮೊಟ್ಟೆಯಾಕಾರ, ಸುಮಾರು 10 ಮೈಕ್ರಾನ್ ಉದ್ದ. ಪಾಚಿಯೂ ಕೆಲವೊಮ್ಮೆ ಹೊಳೆಯುತ್ತದಂತೆ, ಹಾಗಾಗಿ ಡಿಎಪಿಐ ಅನ್ನೋ ಇನ್ನೊಂದು ಬಣ್ಣ ಹಾಕಿ ಒಳಗಿನ ನ್ಯೂಕ್ಲಿಯಸ್ ನೀಲಿಯಾಗಿ ಕಾಣುತ್ತದಾ ಅಂತ ನೋಡುತ್ತಾರೆ. ಸಿಸ್ಟ್ ಬದುಕಿದೆಯೋ ಸತ್ತಿದೆಯೋ ಈ ಟೆಸ್ಟ್ ಹೇಳಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಈ ಮನುಷ್ಯನಿಗಾಗಿಯೇ ಅಲ್ಲಿಗೆ ಹೋಗಬಹುದು.

ಇನ್ನು ರಿಪೋರ್ಟ್. "ಜಿಯಾರ್ಡಿಯಾ: ಇದೆ. ಕ್ರಿಪ್ಟೋಸ್ಪೊರಿಡಿಯಂ: ಇಲ್ಲ." ಮುಗೀತು! ಎಷ್ಟು ಲೀಟರ್ ಸೋಸಿದರು, ಯಾವ ವಿಧಾನ, ಎಷ್ಟು ಸಿಸ್ಟ್ ಸಿಕ್ಕಿತು, ಒಂದೂ ಇಲ್ಲ. ಸೋಸುವಾಗ, ತೊಳೆಯುವಾಗ ಒಂದಷ್ಟು ಕಳೆದುಹೋಗುತ್ತವೆ, ನೀರು ಕದಡಿದ್ದರೆ ಇನ್ನೂ ಜಾಸ್ತಿ. ಗೊತ್ತಿರುವಷ್ಟು ಸಿಸ್ಟ್ ಬೆರೆಸಿದ ನೀರಿನಲ್ಲಿ ಎಷ್ಟು ವಾಪಸ್ ಸಿಗುತ್ತದೆ ಅಂತ ಲ್ಯಾಬ್ ಪರೀಕ್ಷಿಸಿಕೊಂಡಿರಬೇಕು, ಅದನ್ನು ಬರೆಯಬೇಕು ಅಲ್ವಾ? "ಇಲ್ಲ" ಅಂದರೆ ಆ 10 ಲೀಟರಿನಲ್ಲಿ ಕಣ್ಣಿಗೆ ಬೀಳಲಿಲ್ಲ ಅಂತ ಮಾತ್ರ. ಕೌಂಟರಿನಲ್ಲಿ ಕೇಳಿದರೆ "ಫಾರ್ಮ್ಯಾಟೇ ಹಂಗೆ ಸಾರ್" ಅನ್ನುವ ಉತ್ತರ. ಜಗಳ ಆಡಿದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು. ಅದರ ಜೊತೆಗೆ ಪಿಸಿಆರ್ (ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿ ಅಂತ ಬೇರೆ ಒತ್ತಾಯ. ಪಿಸಿಆರ್‌ನಿಂದ ಯಾವ ತಳಿ ಅಂತ ಗೊತ್ತಾಗಬಹುದು, ಆದರೆ ಸತ್ತದ್ದರ ಡಿಎನ್‌ಎಯೂ ಸಿಗುತ್ತದೆ. ಸಂಪು ರಿಪೇರಿ ಮಾಡಿಸುವ ನಮಗೆ ತಳಿ ಯಾಕೆ?

ರೇಟು ಕೋಲಿಫಾರ್ಮ್ ಟೆಸ್ಟಿಗಿಂತ ಹತ್ತಾರು ಪಟ್ಟು. ಕಿಟ್ ದುಬಾರಿ, ಒಪ್ಪೋಣ. ಒಂಟಿ ಮನೆಯವರು ಸುಮ್ನೆ ಈ ಖರ್ಚಿಗೆ ಹೋಗಬೇಡಿ, ನೀರು ಚೆನ್ನಾಗಿ ಕೊತಕೊತ ಒಂದು ನಿಮಿಷ ಕುದಿದರೆ ಎರಡೂ ಸಾಯುತ್ತವೆ. ಅಪಾರ್ಟ್‌ಮೆಂಟ್, ಹಾಸ್ಟೆಲ್‌ನವರು ಹೋಗಿ, ಆದರೆ ಲೀಟರ್, ವಿಧಾನ, ಎಣಿಕೆ ಮೂರೂ ರಿಪೋರ್ಟಿನಲ್ಲಿ ಬರುತ್ತದೆ ಅಂತ ಅಡ್ವಾನ್ಸ್ ಕೊಡುವ ಮುಂಚೆ ಬರೆಸಿಕೊಳ್ಳಿ. 5ಕ್ಕೆ 3.5. ಭಾನುವಾರ ರಜೆ, ಪಾರ್ಕಿಂಗ್ ಧಾರಾಳವಾಗಿದೆ.