ಕ್ವೀನ್ ಸ್ಕ್ವೇರ್ ಹ್ಯಾಮರ್: ಕಾಲಿನ ಪರೀಕ್ಷೆಗೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ

ನೀ ಹ್ಯಾಮರ್, ಅಂದರೆ ವೈದ್ಯರು ಮಂಡಿ, ಹಿಮ್ಮಡಿಗೆ ತಟ್ಟಿ ನರಗಳನ್ನು ಪರೀಕ್ಷಿಸುವ ಸುತ್ತಿಗೆ, ಕೊಳ್ಳುವವರು ಅದನ್ನು ಹಿಮ್ಮಡಿಯ ಹಿಂದೆ ಬಡಿದು ನೋಡಿ ಕೊಳ್ಳಬೇಕು. ಮಂಡಿಯ ರಿಫ್ಲೆಕ್ಸ್, ಅಂದರೆ ತಟ್ಟಿದೊಡನೆ ಸ್ನಾಯು ತಾನಾಗಿ ಅದುರುವುದು, ಬರಿಸುವುದು ಸುಲಭ. ಚಿಪ್ಪಿನ ಕೆಳಗಿನ ಟೆಂಡನ್ನಿಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರಿಗೆ) ಅಂಗೈ ಅಂಚಿನಿಂದ ತಟ್ಟಿದರೂ ಆರೋಗ್ಯವಂತರ ಕಾಲು ಚಿಮ್ಮುತ್ತದೆ. ಹಿಮ್ಮಡಿಯ ಹಿಂದೆ ಬಡಿದು ಬರಿಸುವ ಆ್ಯಂಕಲ್ ಜರ್ಕ್ ಹಾಗೆ ಒಲಿಯುವುದಿಲ್ಲ. ಎಂಬಿಬಿಎಸ್, ಫಿಸಿಯೋಥೆರಪಿ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕೊಳ್ಳುವ ತ್ರಿಕೋನ ರಬ್ಬರಿನ ಪುಟ್ಟ ಟೇಲರ್ ಹ್ಯಾಮರ್ ಕೈಕೊಡುವುದು ಇಲ್ಲೇ. ಅದರ ತಲೆ ಹಗುರ, ಹಿಡಿ ಗಿಡ್ಡ. ತೂಕ ಸಾಲದ್ದಕ್ಕೆ ಮಣಿಕಟ್ಟಿನ ಬಲ ಹಾಕಬೇಕಾಗುತ್ತದೆ, ಒಂದೊಂದು ಪೆಟ್ಟು ಒಂದೊಂದು ರೀತಿ ಬೀಳುತ್ತದೆ, ರೋಗಿ ಕಾಲು ಬಿಗಿ ಹಿಡಿಯುತ್ತಾರೆ. ಕೊನೆಗೆ ಕೇಸ್ ಶೀಟಿನಲ್ಲಿ 'ಆ್ಯಂಕಲ್ ಜರ್ಕ್ ಇಲ್ಲ' ಎಂದು ಬರೆದು, ಸರಿಯಾಗೇ ಇರುವ ಎಸ್1 ನರಮೂಲದ (ಬೆನ್ನುಹುರಿಯಿಂದ ಹೊರಡುವ ನರದ ಬುಡದ) ಮೇಲೆ ಅನುಮಾನ ಹುಟ್ಟಿಸುತ್ತೇವೆ.

ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ವಿಂಟಲ್ ಎಂಬ ನರ್ಸ್ ರೂಪಿಸಿದ ಹ್ಯಾಮರ್ ಈ ತೊಂದರೆಗೆ ನೇರ ಉತ್ತರ. ಲೋಹದ ಚಕ್ರ, ಅದರ ಅಂಚಿಗೆ ರಬ್ಬರಿನ ಬಳೆ, ಉದ್ದನೆಯ ಹಿಡಿ, ಇಷ್ಟೇ. ಆಗ ಹಿಡಿಗೆ ಬಿದಿರು ಬಳಸುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್ ಬರುತ್ತದೆ. ಹಿಡಿಯ ತುದಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ತಲೆಯನ್ನು ತೂಗಿ ಬಿಟ್ಟರೆ ಸಾಕು, ಪೆಟ್ಟಿನ ಕೆಲಸ ತೂಕವೇ ಮಾಡುತ್ತದೆ. ಒಂದೇ ಎತ್ತರದಿಂದ ಬಿಟ್ಟಾಗ ಎಡಕ್ಕೂ ಬಲಕ್ಕೂ ಒಂದೇ ಪೆಟ್ಟು ಬೀಳುತ್ತದೆ. ಎರಡು ಕಾಲುಗಳನ್ನು ಹೋಲಿಸುವುದೇ ರಿಫ್ಲೆಕ್ಸ್ ಪರೀಕ್ಷೆಯ ಜೀವಾಳವಾದ್ದರಿಂದ ಈ ಗುಣಕ್ಕೆ ಪೂರ್ತಿ ಅಂಕ ಕೊಡಬೇಕು.

ಆ್ಯಂಕಲ್ ಜರ್ಕ್‌ಗೆ ಮಲಗಿದ ರೋಗಿಯ ತೊಡೆಯನ್ನು ಹೊರಕ್ಕೆ ಹೊರಳಿಸಿ, ಮಂಡಿಯನ್ನು ಸ್ವಲ್ಪ ಮಡಿಸಿ. ಒಂದು ಕೈಯಿಂದ ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತಿ, ಕಾಲಿಗೆ ಲಂಬಕೋನದಲ್ಲಿ ನಿಲ್ಲಿಸಿ. ಹೆಚ್ಚು ಒತ್ತಿದರೆ ಟೆಂಡನ್ ಬಿಗಿದುಕೊಂಡು ಪ್ರತಿಕ್ರಿಯೆ ಕಾಣಿಸದು, ಸಡಿಲ ಬಿಟ್ಟರೂ ಕಾಣಿಸದು. ಚಕ್ರ ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್ನಿನ ಮೇಲೆ ಬಿದ್ದ ಕ್ಷಣ ನಿಮ್ಮ ಕಣ್ಣು ಮೀನಖಂಡದ ಮೇಲಿರಲಿ, ಪಾದ ಒತ್ತುವುದನ್ನು ಅಂಗೈಯೇ ಹೇಳುತ್ತದೆ. ಬರದಿದ್ದರೆ ರೋಗಿಯ ಎರಡೂ ಕೈಯ ಬೆರಳುಗಳನ್ನು ಕೊಂಡಿ ಹಾಕಿಸಿ, 'ಈಗ ಎಳೀರಿ' ಎಂದು ಹೇಳಿದೊಡನೆ ಬಡಿಯಿರಿ. ಎಳೆತದ ಪರಿಣಾಮ ಬೇಗ ಇಳಿದುಹೋಗುತ್ತದೆ, ಹೀಗಾಗಿ ಮೊದಲೇ ಎಳೆಸಿ ಇಟ್ಟರೆ ಪ್ರಯೋಜನವಿಲ್ಲ. ಇಷ್ಟು ಮಾಡಿಯೂ ಬರದಿದ್ದಾಗ ಮಾತ್ರ 'ಇಲ್ಲ' ಎಂದು ಬರೆಯಬೇಕು. ವಯಸ್ಸಾದವರಲ್ಲಿ ಎರಡೂ ಕಡೆ ಇಲ್ಲದಿರುವುದುಂಟು, ಒಂದೇ ಕಡೆ ಇಲ್ಲದಿದ್ದರೆ ಹುಷಾರಾಗಬೇಕು.

ಮಂಡಿಗೆ ಇಷ್ಟು ಶ್ರಮ ಬೇಡ. ಎರಡೂ ಮಂಡಿಗಳ ಕೆಳಗೆ ತೋಳು ಕೊಟ್ಟು ಎತ್ತಿ, ತೊಡೆಯ ಮೇಲಿನ ಬಟ್ಟೆ ಸರಿಸಿ, ಚಿಪ್ಪಿನ ಕೆಳಗೆ ಬಡಿದಾಗ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯು ಅದುರುವುದನ್ನು ನೋಡಿದರಾಯಿತು. ಇದರಲ್ಲಿ ಪರೀಕ್ಷೆಯಾಗುವುದು ಫೀಮೋರಲ್ ನರ, ಮುಖ್ಯವಾಗಿ ಎಲ್3, ಎಲ್4 ನರಮೂಲಗಳು.

ಹ್ಯಾಮರ್ ಎಷ್ಟೇ ಚೆನ್ನಾಗಿದ್ದರೂ ಎಲ್5 ನರಮೂಲದ ವಿಷಯದಲ್ಲಿ ಅದಕ್ಕೆ ಬಾಯಿಲ್ಲ. ಪಾದ ಎತ್ತಲಾಗದೆ ನೆಲಕ್ಕೆ ತಾಗಿಸುತ್ತ ನಡೆಯುವ ರೋಗಿಯಲ್ಲಿ ಎರಡೂ ಜರ್ಕ್ ಸರಿಯಾಗಿರಬಹುದು. ತೊಂದರೆ ಬೆನ್ನಿನ ಎಲ್5 ಮೂಲದಲ್ಲೋ, ಮಂಡಿಯ ಹೊರಬದಿಯಲ್ಲಿ ಫಿಬ್ಯುಲಾ ಎಲುಬಿನ ಕುತ್ತಿಗೆಯನ್ನು ಬಳಸಿ ಹೋಗುವ ಕಾಮನ್ ಪೆರೋನಿಯಲ್ ನರದಲ್ಲೋ? ಇದನ್ನು ಕೈಯಿಂದಲೇ ಕಂಡುಹಿಡಿಯಬೇಕು. ಪಾದವನ್ನು ಕೆಳಮುಖವಾಗಿಟ್ಟು ಒಳಕ್ಕೆ ತಿರುಗಿಸಲು ಹೇಳಿ, ನೀವು ಎದುರು ಒತ್ತಿ. ಈ ಕೆಲಸ ಟಿಬಿಯಲ್ ನರದ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನದು. ಆಮೇಲೆ ಪಕ್ಕಕ್ಕೆ ಮಲಗಿಸಿ ಮೇಲಿನ ಕಾಲನ್ನು ಎತ್ತಿಸಿ. ಇದು ಸುಪೀರಿಯರ್ ಗ್ಲುಟಿಯಲ್ ನರದ್ದು. ಎರಡಕ್ಕೂ ಎಲ್5 ಬೇಕು, ಪೆರೋನಿಯಲ್ ನರ ಬೇಡ. ಎರಡೂ ಗಟ್ಟಿಯಾಗಿದ್ದರೆ ಪೆರೋನಿಯಲ್ ನರದ ಕಡೆ, ಎರಡೂ ಸೋತಿದ್ದರೆ ಎಲ್5 ಕಡೆ ವಾಲಬೇಕು. ಪಾದ ಮೇಲೆತ್ತುವುದನ್ನಷ್ಟೇ ನೋಡಿ ಪರೀಕ್ಷೆ ಮುಗಿಸಿದರೆ ಈ ವ್ಯತ್ಯಾಸ ಸಿಗುವುದೇ ಇಲ್ಲ, ಎರಡರಲ್ಲೂ ಅದು ಸೋತೇ ಇರುತ್ತದೆ.

ಜೊತೆಗೆ ಕೀಲಿನ ಕೋನ ಅಳೆಯಲು ಒಂದು ಗೋನಿಯೋಮೀಟರ್ ಬೇಕು, 12 ಇಂಚಿನ ಪಾರದರ್ಶಕ ಪ್ಲಾಸ್ಟಿಕ್ಕಿನದು. 6 ಇಂಚಿನದರ ತೋಳು ತೊಡೆಯ ಗೆರೆಗೆ ಸಾಲದೆ ಅಂದಾಜಿನ ಲೆಕ್ಕವಾಗುತ್ತದೆ. ಮಂಡಿಗೆ ಅದರ ಕೇಂದ್ರವನ್ನು ತೊಡೆಮೂಳೆಯ ಹೊರ ಉಬ್ಬಿನ ಮೇಲಿಡಿ. ಒಂದು ತೋಳು ಗ್ರೇಟರ್ ಟ್ರೊಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿಯ ಹೊರ ಉಬ್ಬು) ಕಡೆಗೆ, ಇನ್ನೊಂದು ಕಾಲಗಂಟಿನ ಹೊರ ಉಬ್ಬಿನ ಕಡೆಗೆ. ಮಂಡಿ 0ಯಿಂದ ಸುಮಾರು 135 ಡಿಗ್ರಿ ಮಡಿಯಬೇಕು. ನೀವು ಎತ್ತಿದಾಗ ಪೂರ್ತಿ ನೇರವಾಗುವ ಮಂಡಿ, ರೋಗಿ ತಾವೇ ಎತ್ತಿದಾಗ 15 ಡಿಗ್ರಿ ಬಾಗಿಯೇ ಉಳಿದರೆ ಕೀಲು ಬಿಗಿಯಾಗಿಲ್ಲ. ಕ್ವಾಡ್ರಿಸೆಪ್ಸ್, ಅದರ ಟೆಂಡನ್ ಅಥವಾ ನರವನ್ನು ನೋಡಬೇಕು. ಪಾದ ಮೇಲಕ್ಕೆ ಬಾಗುವುದನ್ನು ಮಂಡಿ ಮಡಿಸಿ ಒಮ್ಮೆ, ನೇರವಾಗಿಟ್ಟು ಒಮ್ಮೆ ಅಳೆಯಿರಿ. ನೇರವಾಗಿಟ್ಟಾಗ ಮಾತ್ರ ತೀರಾ ಕಮ್ಮಿಯಾದರೆ ಬಿಗಿದಿರುವುದು ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯು.

ಹ್ಯಾಮರಿನ ಕೊರತೆಗಳೂ ಇವೆ. ಉದ್ದ ಜಾಸ್ತಿಯಾದ್ದರಿಂದ ಏಪ್ರನ್ ಜೇಬಿನಲ್ಲಿ ನಿಲ್ಲುವುದಿಲ್ಲ. ಅಗ್ಗದ ನಕಲುಗಳಲ್ಲಿ ರಬ್ಬರ್ ಬಳೆ ಕಳಚಿ ಬಿದ್ದು, ಲೋಹದ ಅಂಚು ನೇರ ಟೆಂಡನ್ನಿಗೆ ತಾಗುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುವುದೂ ಉಂಟು. ಅಂಗಡಿಯಲ್ಲೇ ಬಳೆಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ, ಅಲ್ಲಾಡಬಾರದು. ಅಂಗೈಗೆ ಬಡಿದಾಗ ತಿರುಪಿನ ಕಡೆಯಿಂದ ಕಟಕಟ ಸದ್ದು ಬಂದರೆ ಬೇಡ. ಹಿಡಿ ಬಿಲ್ಲಿನಂತೆ ಬಾಗುವಂತಿದ್ದರೂ ಬೇಡ, ಪೆಟ್ಟು ಗುರಿ ತಪ್ಪುತ್ತದೆ. ಹಿಡಿಯ ತುದಿ ಅಂಗಾಲಿನ ಪ್ಲಾಂಟರ್ ರಿಫ್ಲೆಕ್ಸ್‌ಗೆ ಬಳಕೆಯಾಗುವುದರಿಂದ ಅದನ್ನು ಮುಂಗೈ ಮೇಲೆ ಗೀರಿ ನೋಡಿ. ಗೀರು ಕಾಣಬೇಕು, ಚರ್ಮ ತರಚಬಾರದು.

ಹಿಡಿಯೊಳಗೆ ಸೂಜಿ, ಬ್ರಷ್ ಅಡಗಿಸಿ ಕೊಡುವ ಬಕ್ ಹ್ಯಾಮರ್ ನೋಡಲು ಆಕರ್ಷಕ. ಆದರೆ ಅದರ ಸೂಜಿಯನ್ನು ರೋಗಿಯಿಂದ ರೋಗಿಗೆ ಬಳಸಲೇಬಾರದು, ರಕ್ತದಿಂದ ಹರಡುವ ಸೋಂಕಿನ ಅಪಾಯವಿದೆ. ಚುಚ್ಚಿ ನೋಡಲು ಪ್ರತಿ ರೋಗಿಗೂ ಹೊಸ ಟೂತ್‌ಪಿಕ್ ಸಾಕು. ಈಗಾಗಲೇ ಟೇಲರ್ ಇರುವವರು ಎಸೆಯಬೇಡಿ. ಪುಟ್ಟ ಮಕ್ಕಳ ಟೆಂಡನ್ನಿಗೆ ಆ ಹಗುರ ತಲೆಯೇ ಸರಿ.